ಹಾಡಿನಿಂದ ಹೊಟ್ಟೆಪಾಡು: ಕನ್ನಡದಲ್ಲಿ ಸ್ವಂತ ಹಾಡು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

2014ರಲ್ಲಿ ನಾನು ಒಂದು ಭಕ್ತಿಗೀತೆ ಆಲ್ಬಂಗೆ ಎಂಟು ಟ್ಯೂನ್ ಮಾಡಿಕೊಟ್ಟೆ. ಸಿಕ್ಕಿದ್ದು ಹನ್ನೆರಡು ಸಾವಿರ ರೂಪಾಯಿ ಮತ್ತು ಒಂದು ಮಧ್ಯಾಹ್ನದ ಊಟ. ಛಾಪಾ ಕಾಗದ ಮುಂದಿಟ್ಟರು, ಸಹಿ ಹಾಕಿದೆ. ಓದಲಿಲ್ಲ. ಓದುತ್ತಾ ಕೂತರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೇನೋ ಅನ್ನೋ ಸಂಕೋಚ. ಮೂರು ವರ್ಷದ ನಂತರ ಅದರಲ್ಲಿನ ಒಂದು ಹಾಡು ಜಾತ್ರೆಗಳ ಮೈಕಿನಲ್ಲಿ ಕೇಳಿಸತೊಡಗಿತು. ಯೂಟ್ಯೂಬಿನಲ್ಲಿ ವ್ಯೂಸ್ ಲಕ್ಷ ದಾಟಿತು. ಅಲ್ಲಿ ನನ್ನ ಹೆಸರೂ ಇಲ್ಲ, ನನ್ನ ಖಾತೆಗೆ ಒಂದು ಪೈಸೆಯೂ ಇಲ್ಲ.

ಈಗ ನಾನು ಕೀಬೋರ್ಡ್ ನುಡಿಸುತ್ತೇನೆ, ಕಂಪ್ಯೂಟರಿನಲ್ಲಿ ತಾಳ-ವಾದ್ಯ ಜೋಡಿಸುವ ಪ್ರೋಗ್ರಾಮಿಂಗ್ ಮಾಡುತ್ತೇನೆ, ಹೊಸಬರ ಹಾಡು ಬಿಡುಗಡೆ ಆಗುವವರೆಗೂ ಜೊತೆಗಿರುತ್ತೇನೆ. ಬರುವವರೆಲ್ಲ ನನಗಿಂತ ಚೆನ್ನಾಗಿ ಹಾಡುತ್ತಾರೆ. ಅವರಿಗೆ ಗೊತ್ತಿಲ್ಲದಿರುವುದು ಹಾಡಿನ ಸುತ್ತ ಇರುವ ಕಾಗದಪತ್ರ. ಅದಕ್ಕೇ ಇಲ್ಲಿ ಕಾಗದದ ಮಾತು ಜಾಸ್ತಿ. ರಿಯಾಜು ಹೇಗೆ ಮಾಡಬೇಕು ಅನ್ನೋದಕ್ಕೆ ನಿಮ್ಮ ಗುರುಗಳಿದ್ದಾರೆ.

ಹಂತ 1: ಹಾಡು ಒಂದು, ಆಸ್ತಿ ಎರಡು

ನೀವು ಒಂದು ಹಾಡು ಮಾಡಿದಿರಿ ಅಂದುಕೊಳ್ಳಿ. ಕಾನೂನಿನ ಕಣ್ಣಿಗೆ ಅದು ಒಂದಲ್ಲ. ಸಾಹಿತ್ಯ ಮತ್ತು ಟ್ಯೂನ್ ಒಂದು ಕಡೆ. ಅದನ್ನು ಸ್ಟುಡಿಯೋದಲ್ಲಿ ಹಾಡಿ ಮಾಡಿದ ರೆಕಾರ್ಡಿಂಗ್ ಇನ್ನೊಂದು ಕಡೆ. ಮೊದಲನೆಯದು ಬರೆದವರದ್ದು ಮತ್ತು ರಾಗ ಹಾಕಿದವರದ್ದು. ಎರಡನೆಯದು ಸಾಮಾನ್ಯವಾಗಿ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದವರದ್ದು. ಇದನ್ನೇ ಮಾಸ್ಟರ್ ಅನ್ನುತ್ತಾರೆ.

ಹೊಲ ಒಬ್ಬರದ್ದು, ಬೆಳೆ ಇನ್ನೊಬ್ಬರದ್ದು ಇರಬಹುದಲ್ವಾ? ಹಾಗೆಯೇ ಇದು. ಒಂದೇ ಟ್ಯೂನನ್ನು ಹತ್ತು ಜನ ಹಾಡಿದರೆ ಮಾಸ್ಟರ್ ಹತ್ತು, ಟ್ಯೂನ್ ಒಂದೇ. ಹಣವೂ ಎರಡು ಕಾಲುವೆಯಲ್ಲಿ ಹರಿಯುತ್ತದೆ. ಬಹಳ ಜನ ಒಂದು ಕಾಲುವೆಗೆ ಮಾತ್ರ ಬಿಂದಿಗೆ ಇಟ್ಟು ಕಾಯುತ್ತಾರೆ.

ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಅದಾದ ಮೇಲೆ ಸಾಹಿತಿ ಮತ್ತು ಸಂಗೀತ ನಿರ್ದೇಶಕರು ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿ (ಹಾಡು ಬಳಕೆಯಾದಾಗೆಲ್ಲ ಬರುವ ಹಣ) ಪಡೆಯುವ ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ಹಕ್ಕು ಪಡೆದವರ ಜೊತೆ ಸಮಪಾಲು. ಸಿನಿಮಾ ಹಾಡಾದರೆ ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಓಡಿದ್ದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. 'ರಾಯಲ್ಟಿ ಬೇಡ' ಅಂತ ನಿಮ್ಮಿಂದ ಬರೆಸಿಕೊಂಡರೂ ಆ ಸಾಲಿಗೆ ಬೆಲೆ ಇಲ್ಲ.

ಗಾಯಕರಿಗೂ, ವಾದ್ಯ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಅಂತ ಬೇರೆಯೇ ಒಂದಿದೆ. ಅದು 50 ವರ್ಷ ಇರುತ್ತದೆ. ರೆಕಾರ್ಡಿಂಗಿನ ಹಕ್ಕು 60 ವರ್ಷ. ಸಾಹಿತ್ಯ ಮತ್ತು ಟ್ಯೂನಿನ ಹಕ್ಕು, ಮಾಡಿದವರು ಇರುವವರೆಗೆ, ಆಮೇಲೆ ಇನ್ನೂ 60 ವರ್ಷ.

ಹಂತ 2: ಯಾರ ಪದ್ಯ ಹಾಡುತ್ತಿದ್ದೀರಿ?

ಇದು ಕನ್ನಡದವರಿಗೇ ವಿಶೇಷವಾದ ತೊಡಕು. ನಮಗೆ ಭಾವಗೀತೆಯ ದೊಡ್ಡ ಪರಂಪರೆ ಇದೆ. ಪದ್ಯ ಇಷ್ಟವಾಯಿತು, ಗಿಟಾರ್ ಹಿಡಿದು ಟ್ಯೂನ್ ಹಾಕಿದೆವು, ಅಪ್‌ಲೋಡ್ ಮಾಡಿದೆವು. ಹಾಗೆ ಮಾಡುವ ಮುನ್ನ ಒಂದು ಲೆಕ್ಕ ಹಾಕಿ: ಕವಿ ತೀರಿಕೊಂಡ ವರ್ಷಕ್ಕೆ 60 ಸೇರಿಸಿ. ಆ ವರ್ಷದ ಡಿಸೆಂಬರ್ ಮುಗಿಯುವವರೆಗೆ ಹಕ್ಕು ಇರುತ್ತದೆ.

ಬೇಂದ್ರೆಯವರು ತೀರಿಕೊಂಡಿದ್ದು 1981. ಹಾಗಾಗಿ 2041ರವರೆಗೆ ಅನುಮತಿ ಬೇಕು. ಕುವೆಂಪು 1994, ಅಂದರೆ 2054. ಅಡಿಗರು 1992, ಅಂದರೆ 2052. ಕೆ.ಎಸ್. ನರಸಿಂಹಸ್ವಾಮಿಯವರದ್ದು 2063ರವರೆಗೆ. ಡಿವಿಜಿಯವರು 1975ರಲ್ಲಿ ತೀರಿಕೊಂಡರು, ಅವರ ಕಗ್ಗ 2035 ಮುಗಿದ ಮೇಲೆ ಎಲ್ಲರದ್ದಾಗುತ್ತದೆ. ಪಂಜೆ ಮಂಗೇಶರಾಯರ ಪದ್ಯಗಳು ಆಗಲೇ ಮುಕ್ತ. ಬಿ.ಎಂ.ಶ್ರೀ ಅವರದ್ದೂ ಅಷ್ಟೇ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗೆ ಯಾರನ್ನೂ ಕೇಳಬೇಕಿಲ್ಲ. ರಘು ದೀಕ್ಷಿತ್ ಶರೀಫರ ಪದಗಳನ್ನು ಫೋಕ್ ರಾಕ್ ಧಾಟಿಯಲ್ಲಿ ಹೊರದೇಶಗಳ ವೇದಿಕೆಗೂ ಒಯ್ದರು.

ಆದರೆ ಹುಷಾರು. ಪದ ಶರೀಫರದ್ದಾದರೂ ನಿಮ್ಮ ಕಿವಿಯಲ್ಲಿ ಕೂತಿರುವ ಟ್ಯೂನ್ ಸಿ. ಅಶ್ವತ್ಥ್ ಅವರದ್ದಿರಬಹುದು. ಅವರು ಹೋಗಿದ್ದು 2009ರ ಕೊನೆಯಲ್ಲಿ, ಹಾಗಾಗಿ ಅವರ ಟ್ಯೂನ್‌ಗಳ ಮೇಲೆ 2069ರವರೆಗೆ ಹಕ್ಕಿದೆ. 'ಜಾನಪದ' ಅಂದುಕೊಂಡ ಎಷ್ಟೋ ಹಾಡುಗಳ ಹಿಂದೆ ಒಬ್ಬ ಕವಿ, ಒಬ್ಬ ಸಂಗೀತ ಸಂಯೋಜಕ ಸದ್ದಿಲ್ಲದೆ ಕೂತಿರುತ್ತಾರೆ. ವಿಚಾರಿಸಿ.

ಅನುಮತಿ ಕೇಳುವುದು ಕಷ್ಟದ ಕೆಲಸವೇನಲ್ಲ. ಕವಿಯ ಮನೆಯವರನ್ನೋ ಪ್ರಕಾಶಕರನ್ನೋ ಹುಡುಕಿ ಪತ್ರ ಬರೆಯಿರಿ. ಯಾವ ಪದ್ಯ, ಎಲ್ಲಿ ಬಿಡುಗಡೆ, ಸಾಹಿತ್ಯದ ಪಾಲು ಎಷ್ಟು ಅಂತ ಸ್ಪಷ್ಟವಾಗಿ ಬರೆಯಿರಿ. ನಾನು ಇಲ್ಲಿಯವರೆಗೆ ಮೂರು ಸಲ ಕೇಳಿದ್ದೇನೆ. ಎರಡು ಮನೆಯವರು ಖುಷಿಯಿಂದ ಒಪ್ಪಿದರು, ಒಬ್ಬರು ಟ್ಯೂನ್ ಕೇಳಿ 'ಬೇಡಪ್ಪಾ' ಅಂದರು. ಅವರು ಹೇಳಿದ್ದೂ ಸರಿಯಾಗಿಯೇ ಇತ್ತು.

ಸಿನಿಮಾ ಹಾಡಿನ ಕವರ್ ಹಾಡಿದರೆ, ಅಂದರೆ ಅದೇ ಹಾಡನ್ನು ನಿಮ್ಮ ದನಿಯಲ್ಲಿ ಹಾಡಿದರೆ, ಜನ ಬೇಗ ಗುರುತಿಸುತ್ತಾರೆ, ನಿಜ. ಆದರೆ ಯೂಟ್ಯೂಬಿನಲ್ಲಿ 'ಈ ಹಾಡು ನಮ್ಮದು' ಅನ್ನೋ ಆಡಿಯೋ ಕಂಪನಿಯ ಕ್ಲೇಮ್ ಬರುತ್ತದೆ, ಜಾಹೀರಾತಿನ ಹಣ ಸಾಮಾನ್ಯವಾಗಿ ಅವರಿಗೇ ಹೋಗುತ್ತದೆ. ಗುರುತಿಗೆ ನಾಲ್ಕು ಕವರ್ ಹಾಡಿ, ತಪ್ಪಿಲ್ಲ. ಐದನೆಯದು ನಿಮ್ಮದೇ ಇರಲಿ.

ಹಂತ 3: ರೆಕಾರ್ಡಿಂಗ್

ದೊಡ್ಡ ಸ್ಟುಡಿಯೋ ಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್, ಮೈಕನ್ನು ಅದಕ್ಕೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ರೆಕಾರ್ಡ್ ಮಾಡಲು ರೀಪರ್ ಅನ್ನೋ ಸಾಫ್ಟ್‌ವೇರ್ ಕಡಿಮೆ ಬೆಲೆಗೆ ಸಿಗುತ್ತದೆ, 60 ದಿನ ಸುಮ್ನೆ ಬಳಸಿ ನೋಡಬಹುದು. ಆಪಲ್ ಕಂಪ್ಯೂಟರ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಉಚಿತ.

ಎಲ್ಲರೂ ಮೊದಲು ಕಂಡೆನ್ಸರ್ ಮೈಕ್ ಕೊಳ್ಳುತ್ತಾರೆ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಕೊಡಬೇಕು. ಅದು ನಿಮ್ಮ ದನಿಯನ್ನು ಹಿಡಿಯುವಷ್ಟೇ ಪ್ರೀತಿಯಿಂದ ಪಕ್ಕದ ಮನೆಯ ಕುಕ್ಕರ್ ವಿಸಿಲ್, ಬೋರ್‌ವೆಲ್ ಮೋಟರ್, ಬೆಳಗ್ಗೆ ಹಾಡುತ್ತಾ ಬರುವ ಕಸದ ಗಾಡಿಯನ್ನೂ ಹಿಡಿಯುತ್ತದೆ. ಗದ್ದಲದ ಬೀದಿಯಲ್ಲಿದ್ದರೆ ಶೂರ್ ಎಸ್‌ಎಂ58ನಂಥ ಡೈನಮಿಕ್ ಮೈಕ್ ವಾಸಿ. ಆಮೇಲೆ ಅದನ್ನೇ ವೇದಿಕೆಗೂ ಒಯ್ಯಬಹುದು.

ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಕಡೆಗೆ ಮುಖ ಮಾಡಿ ಹಾಡಿ. ಬೆನ್ನ ಹಿಂದೆ ಹತ್ತಿ ಹಾಸಿಗೆ ನಿಲ್ಲಿಸಿ. ಮೈಕಿಗೂ ಬಾಯಿಗೂ ಒಂದು ಗೇಣು ಅಂತರ ಇರಲಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಮೀಟರ್ ಕೆಂಪು ಮುಟ್ಟಬಾರದು. ಜೋರಾಗಿ ಹಾಡಿದಾಗಲೂ ಮೈನಸ್ 6 ಡೆಸಿಬಲ್ ಸುತ್ತಮುತ್ತ ನಿಲ್ಲಲಿ.

ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು) ಮತ್ತು ಮಾಸ್ಟರಿಂಗ್ (ಬಿಡುಗಡೆಗೆ ಕೊನೆಯ ಹದ ಕೊಡುವುದು) ಮಾತ್ರ ಗೊತ್ತಿದ್ದವರಿಗೆ ಕೊಡಿ. ಕೈಯಲ್ಲಿ ಇರುವ ಹಣದ ದೊಡ್ಡ ಪಾಲು ವಿಡಿಯೋಗಲ್ಲ, ಇಲ್ಲಿಗೆ ಹೋಗಬೇಕು. ಇದು ನನ್ನ ಅಭಿಪ್ರಾಯ, ವಿಡಿಯೋ ಮಾಡುವ ಗೆಳೆಯರು ಒಪ್ಪುವುದಿಲ್ಲ. ಮಿಕ್ಸ್ ಬಂದ ಮೇಲೆ ಫೋನ್ ಸ್ಪೀಕರಿನಲ್ಲಿ ಕೇಳಿ, ಕಾರಿನಲ್ಲಿ ಕೇಳಿ, ಗೊತ್ತಿರುವ ಆಟೋ ಚಾಲಕರು ಇದ್ದರೆ ಅವರ ಆಟೋದಲ್ಲೂ ಕೇಳಿ. ಪದ ಸ್ಪಷ್ಟವಾಗಿ ಕೇಳಿಸದಿದ್ದರೆ ವಾಪಸ್ ಕಳಿಸಿ. ತುಂಬಾ ಜೋರಾಗಿ ಮಾಸ್ಟರ್ ಮಾಡಿಸುವುದರಿಂದ ಲಾಭವಿಲ್ಲ. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಹಾಡಿನ ಜೋರು ಅಳೆಯುವ ಮಾಪ) ಮಟ್ಟಕ್ಕೆ ತಂದೇ ಕೇಳಿಸುತ್ತದೆ.

ಕೊನೆಗೆ ಸ್ಟೆಮ್ಸ್, ಅಂದರೆ ದನಿ, ತಾಳ, ವಾದ್ಯ ಬೇರೆ ಬೇರೆಯಾಗಿರುವ ಫೈಲುಗಳನ್ನೂ, ದನಿ ಇಲ್ಲದ ಟ್ರ್ಯಾಕನ್ನೂ ಇಸಿದುಕೊಳ್ಳಿ. ಮುಂದೆ ವೇದಿಕೆಗೂ ಜಾಹೀರಾತಿಗೂ ಇವೇ ಬೇಕಾಗುವುದು.

ಹಂತ 4: ಒಂದು ಹಾಳೆ ಒಪ್ಪಂದ

ಹಾಡು ಬಿಡುಗಡೆಯಾದ ಮೇಲೆ ಪಾಲಿನ ಮಾತೆತ್ತಿದರೆ ಜಗಳ ಗ್ಯಾರಂಟಿ. ಹಾಡು ಇನ್ನೂ ಯಾರಿಗೂ ಗೊತ್ತಿಲ್ಲದಾಗ ಮಾತೆತ್ತಿದರೆ ಎಲ್ಲರೂ ಧಾರಾಳಿಗಳು. ಹಾಗಾಗಿ ಮಿಕ್ಸ್‌ಗೆ ಕೊಡುವ ಮುಂಚೆಯೇ ಕೂತು ಬರೆಯಿರಿ.

ಒಂದು ಹಾಳೆ ಸಾಕು. ಹಾಡಿನ ಹೆಸರು. ಸಾಹಿತ್ಯ ಯಾರದ್ದು, ಎಷ್ಟು ಪಾಲು. ಟ್ಯೂನ್ ಯಾರದ್ದು, ಎಷ್ಟು ಪಾಲು. ಮಾಸ್ಟರ್ ಯಾರದ್ದು. ಕೊಳಲು ನುಡಿಸಿದವರಿಗೆ, ತಬಲಾದವರಿಗೆ ಒಂದೇ ಸಲದ ಸಂಭಾವನೆಯೋ ಅಥವಾ ಪಾಲೋ. ಹೆಸರುಗಳು ಎಲ್ಲೆಲ್ಲಿ ಬರಬೇಕು. ಕೆಳಗೆ ಎಲ್ಲರ ಸಹಿ, ತಾರೀಖು. ಫೋಟೋ ತೆಗೆದು ಎಲ್ಲರಿಗೂ ವಾಟ್ಸಾಪ್ ಮಾಡಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 'ಗೆಳೆತನ ಉಳೀಲಿ ಅಂತ' ಅನ್ನಿ.

ಕಾಪಿರೈಟ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ. ಹಾಡು ಮಾಡಿದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ. ಆದರೆ ವ್ಯಾಜ್ಯ ಬಂದರೆ ನೋಂದಣಿ ಸಾಕ್ಷಿಯಾಗುತ್ತದೆ. ಆನ್‌ಲೈನಿನಲ್ಲೇ ಮಾಡಬಹುದು. ಸಾಹಿತ್ಯ ಅಥವಾ ಟ್ಯೂನಿಗೆ 500 ರೂಪಾಯಿ, ರೆಕಾರ್ಡಿಂಗಿಗೆ 2,000. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ 30 ದಿನ ಕಾಯುತ್ತಾರೆ.

ಹಂತ 5: ಹೆಸರು, ಬಿಡುಗಡೆ

ಸ್ಪಾಟಿಫೈ, ಜಿಯೋಸಾವನ್, ಆಪಲ್ ಮ್ಯೂಸಿಕ್‌ಗೆ ನೀವು ನೇರವಾಗಿ ಹಾಡು ಹಾಕಲು ಆಗುವುದಿಲ್ಲ. ನಡುವೆ ಒಬ್ಬ ವಿತರಕ ಬೇಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ವರ್ಷಕ್ಕಿಷ್ಟು ಅಂತ ಚಂದಾ ತೆಗೆದುಕೊಳ್ಳುತ್ತವೆ. ಸಿಡಿ ಬೇಬಿ ಒಂದು ಬಿಡುಗಡೆಗೆ ಒಮ್ಮೆ ಶುಲ್ಕ ಪಡೆದು ಆಮೇಲೆ ಗಳಿಕೆಯಲ್ಲಿ ಪಾಲು ಹಿಡಿಯುತ್ತದೆ. ವರ್ಷಕ್ಕೆ ನಾಲ್ಕಾರು ಹಾಡು ಬಿಡುವವರಿಗೆ ಚಂದಾ ಸರಿ. ಎರಡು ವರ್ಷಕ್ಕೊಂದು ಹಾಡು ಮಾಡುವವರಿಗೆ ಅದು ದಂಡ. ಚಂದಾ ಕಟ್ಟದಿದ್ದರೆ ಹಾಡು ಕೆಳಗಿಳಿಯಬಹುದು, ಅದನ್ನು ಮೊದಲೇ ಓದಿಕೊಳ್ಳಿ.

ವಿತರಕರು ಪ್ರತಿ ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಗಳ ಸಂಕೇತ ಕೊಡುತ್ತಾರೆ. ಅದು ಹಾಡಿನ ಆಧಾರ್ ಸಂಖ್ಯೆ ಇದ್ದ ಹಾಗೆ. ಡೈರಿಯಲ್ಲಿ ಬರೆದಿಡಿ. ಮುಂದೆ ವಿತರಕರನ್ನು ಬದಲಿಸಿದರೂ ಅದೇ ಸಂಕೇತ ಕೊಡಬೇಕು. ಹೊಸದು ಹಾಕಿದರೆ ಹಳೆಯ ಪ್ಲೇ ಲೆಕ್ಕ ಕೈತಪ್ಪಬಹುದು.

ಇನ್ನು ಹೆಸರಿನ ವಿಷಯ. ನಿಮ್ಮ ಹೆಸರಿನವರು ಇನ್ನೂ ಹತ್ತು ಜನ ಇರುತ್ತಾರೆ. ಹಾಡು ಯಾವುದೋ ಊರಿನ ಇನ್ಯಾರದ್ದೋ ಪುಟಕ್ಕೆ ಹೋಗಿ ಕೂರುತ್ತದೆ. ಮೊದಲೇ ಹುಡುಕಿ ನೋಡಿ, ಊರಿನ ಹೆಸರೋ ಇನಿಶಿಯಲ್ಲೋ ಸೇರಿಸಿ, ಆಮೇಲೆ ಎಲ್ಲ ಕಡೆ ಅದೇ ಕಾಗುಣಿತ ಇರಲಿ. ಆಧಾರ್‌ನಲ್ಲಿ ಒಂದು, ಯೂಟ್ಯೂಬಿನಲ್ಲಿ ಒಂದು, ವಿತರಕರಲ್ಲಿ ಇನ್ನೊಂದು ಇದ್ದರೆ ದುಡ್ಡು ಬರುವಾಗ ತಲೆನೋವು.

ಹಾಡಿನ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲೂ ಯೋಚಿಸಿ. 'ಮಳೆ' ಅಂತ ಬರೆದದ್ದನ್ನು ಪರದೇಶದವರು 'ಮೇಲ್' ಅಂತ ಓದುತ್ತಾರೆ, ಅವರ ಭಾಷೆಯಲ್ಲಿ ಅದು ಗಂಡಸು. ನನ್ನ ಗೆಳೆಯನ ಮಳೆ ಹಾಡೊಂದು ಹೀಗೇ ವಿಚಿತ್ರ ಪ್ಲೇಲಿಸ್ಟೊಂದಕ್ಕೆ ಸೇರಿಕೊಂಡಿತ್ತು. ಭಾಷೆ ಆರಿಸುವಲ್ಲಿ ಕನ್ನಡ ಅಂತಲೇ ಆರಿಸಿ. ಸಾಹಿತಿ ಮತ್ತು ಸಂಯೋಜಕರ ಪೂರ್ತಿ ಹೆಸರು ಹಾಕಿ.

ಕಳಿಸಬೇಕಾದ್ದು ವೇವ್ ಫೈಲ್, ಎಂಪಿ3 ಅಲ್ಲ. ಮುಖಚಿತ್ರ 3000ಕ್ಕೆ 3000 ಪಿಕ್ಸೆಲ್ ಚೌಕ. ಬಿಡುಗಡೆಯ ದಿನಕ್ಕೆ ನಾಲ್ಕು ವಾರ ಮುಂಚೆ ಅಪ್‌ಲೋಡ್ ಮಾಡಿ. ಕಾರಣ ಇದೆ. ಸ್ಪಾಟಿಫೈನಲ್ಲಿ ಕಲಾವಿದರ ಖಾತೆ ಪಡೆದು, ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಹಾಡನ್ನು ಅವರ ಸಂಪಾದಕರ ಮುಂದಿಡಬಹುದು. ಅವರು ಪ್ಲೇಲಿಸ್ಟಿಗೆ ಹಾಕದಿದ್ದರೂ ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಗೆ ಅದು ಸೇರುತ್ತದೆ. ಬಿಡುಗಡೆಯಾದ ಮೇಲೆ ಈ ಅವಕಾಶ ಇಲ್ಲ.

ಹಂತ 6: ಹಣ ಎಲ್ಲಿಂದ ಬರುತ್ತದೆ

ಸ್ಟ್ರೀಮಿಂಗ್ ಹಣದ ಮೇಲೆ ಮನೆ ಬಾಡಿಗೆ ಕಟ್ಟುವ ಕನಸು ಈಗಲೇ ಬಿಟ್ಟುಬಿಡಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ಆ ಹಾಡಿಗೆ ಮಾಸ್ಟರಿನ ದುಡ್ಡೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ವರ್ಷದಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್.

ವಿತರಕರ ಫಾರ್ಮಿನಲ್ಲಿ ಕಂಟೆಂಟ್ ಐಡಿ ಅಂತ ಒಂದು ಪೆಟ್ಟಿಗೆ ಇರುತ್ತದೆ. ಟಿಕ್ ಹಾಕಿದರೆ ಬೇರೆಯವರು ನಿಮ್ಮ ಹಾಡು ಬಳಸಿದ ವಿಡಿಯೋಗಳಿಂದಲೂ ಹಣ ಬರುತ್ತದೆ. ಆದರೆ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಮಾರುವ ರೆಡಿಮೇಡ್ ಬೀಟ್, ಲೂಪ್ ಬಳಸಿದ್ದರೆ ಟಿಕ್ ಹಾಕಬೇಡಿ. ಅದೇ ಬೀಟ್ ಕೊಂಡ ಇನ್ನೊಬ್ಬರ ಹಾಡಿನ ಮೇಲೂ ನಿಮ್ಮ ಕ್ಲೇಮ್ ಬೀಳುತ್ತದೆ, ಬೈಗುಳ ತಪ್ಪುವುದಿಲ್ಲ.

ಇದೆಲ್ಲ ಮಾಸ್ಟರಿನ ಕಾಲುವೆ. ಸಾಹಿತ್ಯ-ಟ್ಯೂನಿನ ಕಾಲುವೆಗೆ, ಅದರ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸೇರಬೇಕು. 1969ರಲ್ಲಿ ಶುರುವಾದ ಸಂಘ, ಕಚೇರಿ ಮುಂಬೈನಲ್ಲಿ. ಬರೆಯುವವರು, ಸಂಗೀತ ಸಂಯೋಜಿಸುವವರು ಆನ್‌ಲೈನಿನಲ್ಲೇ ಸದಸ್ಯರಾಗಬಹುದು. ಸದಸ್ಯರಾದರೆ ಸಾಲದು, ಪ್ರತಿ ಹಾಡನ್ನೂ ಪಾಲಿನ ಸಮೇತ ನೋಂದಾಯಿಸಬೇಕು. ಹಂತ 4ರ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಯಕರಿಗೆ ಇಸಮ್ರಾ ಅನ್ನೋ ಬೇರೆ ಸಂಘ ಇದೆ. ನೀವೇ ಬರೆದು, ಟ್ಯೂನ್ ಮಾಡಿ, ಹಾಡುವವರಾದರೆ ಎರಡಕ್ಕೂ ಸೇರಿ.

ಹಂತ 7: ವೇದಿಕೆ

ನನಗೆ ಗೊತ್ತಿರುವ ಮಟ್ಟಿಗೆ ಕನ್ನಡದಲ್ಲಿ ಹಾಡಿ ಬದುಕುತ್ತಿರುವವರಲ್ಲಿ ಬಹುಪಾಲು ಜನ ಬದುಕುತ್ತಿರುವುದು ವೇದಿಕೆಯಿಂದ. ಹಾಡು ವಿಸಿಟಿಂಗ್ ಕಾರ್ಡು, ಊಟ ವೇದಿಕೆಯಲ್ಲಿ.

ನಮ್ಮ ವರ್ಷದ ಲೆಕ್ಕ ಹೀಗಿದೆ. ಗಣೇಶ ಹಬ್ಬದಿಂದ ದಸರಾವರೆಗೆ ಕಾಲಿಗೆ ಬಿಡುವಿಲ್ಲ. ನವೆಂಬರ್ ಪೂರ್ತಿ ರಾಜ್ಯೋತ್ಸವ. ಆಮೇಲೆ ಕಾಲೇಜು ಹಬ್ಬಗಳು, ಜಾತ್ರೆ, ಉತ್ಸವಗಳು. ಮಳೆಗಾಲದಲ್ಲಿ ಕೈ ಖಾಲಿ, ರೆಕಾರ್ಡಿಂಗ್ ಆಗ ಇಟ್ಟುಕೊಳ್ಳಿ. ಹೊರದೇಶದ ಕನ್ನಡ ಸಂಘಗಳೂ ಕರೆಸುತ್ತವೆ, ಅಮೆರಿಕದ ಅಕ್ಕ ಸಮ್ಮೇಳನದಂಥವು ಎರಡು ವರ್ಷಕ್ಕೊಮ್ಮೆ. ಅಲ್ಲಿಗೆ ಹೋಗಲು ಯಾರನ್ನೂ ಹಿಡಿಯಬೇಕಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಒಂದೂವರೆ ನಿಮಿಷದ ಒಳ್ಳೆಯ ಲೈವ್ ವಿಡಿಯೋ ಇಲ್ಲದಿದ್ದರೆ ಹಿಡಿದರೂ ಉಪಯೋಗವಿಲ್ಲ.

ಸುಗಮ ಸಂಗೀತ, ಜಾನಪದ, ಶಾಸ್ತ್ರೀಯ ಹಾಡುವವರು ಆಕಾಶವಾಣಿ ಆಡಿಷನ್ ಕೊಡಿ. ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್‌ಗಳಿವೆ. ರೇಡಿಯೋ ಯಾರು ಕೇಳುತ್ತಾರೆ ಅಂತ ನಗಬೇಡಿ. ಸರ್ಕಾರಿ ಕಾರ್ಯಕ್ರಮಕ್ಕೆ ಅರ್ಜಿ ಹಾಕುವಾಗ ಆ ಗ್ರೇಡ್‌ಗೆ ಬೆಲೆ ಇದೆ. ಅಂದಹಾಗೆ, ಆಕಾಶವಾಣಿ ಅನ್ನೋ ಹೆಸರು ಬಳಕೆಗೆ ಬಂದದ್ದು ನಮ್ಮ ಮೈಸೂರಿನಿಂದ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲಿ ಶುರು ಮಾಡಿದ ಬಾನುಲಿ ಕೇಂದ್ರದಿಂದ.

ಕಾರ್ಯಕ್ರಮ ಒಪ್ಪುವಾಗ ಅರ್ಧ ಅಡ್ವಾನ್ಸ್ ಇಸಿದುಕೊಳ್ಳಿ. ಉಳಿದದ್ದು ವೇದಿಕೆ ಹತ್ತುವ ಮುಂಚೆ. ಇಳಿದ ಮೇಲೆ ಅಧ್ಯಕ್ಷರು ಸಿಗುವುದಿಲ್ಲ, ಕಾರ್ಯದರ್ಶಿಗಳ ಫೋನ್ ಸ್ವಿಚ್ ಆಫ್. ಸೌಂಡ್ ಯಾರದ್ದು, ಎಷ್ಟು ಮೈಕ್, ಹಾಡುವವರಿಗೆ ಕೇಳಿಸಲು ಎಷ್ಟು ಮಾನಿಟರ್ ಸ್ಪೀಕರ್, ಜನರೇಟರ್ ಇದೆಯಾ, ಓಡಾಟ-ಊಟ ಯಾರ ಖರ್ಚು ಅಂತ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ಸಮಯವನ್ನೂ ಬರೆಸಿಕೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುತ್ತದೆ 2000ದ ಶಬ್ದ ಮಾಲಿನ್ಯ ನಿಯಮ. ಹಬ್ಬದ ಕೆಲವೇ ದಿನ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಏಳೂವರೆಗೆ ನಿಮ್ಮ ಹಾಡು ಅಂತ ಕರೆಸಿರುತ್ತಾರೆ. ದೀಪ ಬೆಳಗುವುದು, ಸ್ವಾಗತ, ಹದಿನಾಲ್ಕು ಜನಕ್ಕೆ ಶಾಲು-ಹಾರ, ಶಾಸಕರ ಭಾಷಣ ಮುಗಿಯುವಾಗ ಒಂಬತ್ತೂಮುಕ್ಕಾಲು. ಮೂರನೇ ಹಾಡಿಗೆ ಪೊಲೀಸರು ಬಂದು ನಿಲ್ಲುತ್ತಾರೆ. ತಡವಾದರೂ ಪೂರ್ತಿ ಸಂಭಾವನೆ ಅಂತ ಮೊದಲೇ ಹೇಳಿರಿ.

ಇದರ ನಡುವೆ ಪಾಠ ಹೇಳುವುದು, ಟ್ರ್ಯಾಕ್ ಹಾಡುವುದು (ಮುಖ್ಯ ಗಾಯಕರಿಗೆ ಮಾದರಿಯಾಗಿ ಮೊದಲು ಹಾಡಿಕೊಡುವುದು), ಕೋರಸ್, ಜಾಹೀರಾತಿನ ಜಿಂಗಲ್ ಯಾವುದನ್ನೂ ಕೀಳಾಗಿ ನೋಡಬೇಡಿ. ಹೊರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿಯೇ ತಮ್ಮ ಆಲ್ಬಂ ಖರ್ಚು ತೂಗಿಸಿದವರು ನನಗೆ ಗೊತ್ತು.

ಹಂತ 8: ತೆರಿಗೆ, ಬೇಗ ಮುಗಿಸೋಣ

ಪ್ಯಾನ್ ಕಾರ್ಡ್ ಮತ್ತು ಸಂಗೀತಕ್ಕೇ ಅಂತ ಒಂದು ಬೇರೆ ಬ್ಯಾಂಕ್ ಖಾತೆ ಇರಲಿ. ಕಂಪನಿಗಳು ಸಂಭಾವನೆ ಕೊಡುವಾಗ ಸಾಮಾನ್ಯವಾಗಿ 10 ಶೇಕಡಾ ಟಿಡಿಎಸ್ ಹಿಡಿಯುತ್ತವೆ. ರಿಟರ್ನ್ ಸಲ್ಲಿಸಿದರೆ ತಾನೇ ವಾಪಸ್ ಕೇಳಲು ಸಾಧ್ಯ? ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಆ ಭಾಗ್ಯ ಬರಲಿ. ಯೂಟ್ಯೂಬ್ ಹಣ ಬರುವವರು ಅಮೆರಿಕದ ತೆರಿಗೆ ಫಾರ್ಮನ್ನು ಮರೆಯದೆ ತುಂಬಿ. ತುಂಬದಿದ್ದರೆ ಒಟ್ಟು ಗಳಿಕೆಯಲ್ಲಿ 24 ಶೇಕಡಾವರೆಗೂ ಹಿಡಿಯಬಹುದು. ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ, ಅದೂ 15 ಶೇಕಡಾ.

ಹಂತ 9: ಆಡಿಯೋ ಕಂಪನಿ ಕರೆದರೆ

ಒಂದು ಹಾಡು ಓಡಿದರೆ ಕರೆ ಬರುತ್ತದೆ. ಹೋಗಿ. ಕಂಪನಿಗಳಿಗೆ ದೊಡ್ಡ ಚಾನೆಲ್ ಇದೆ, ಹಣ ಇದೆ, ಸಿನಿಮಾದವರ ಸಂಪರ್ಕ ಇದೆ. ಆದರೆ ಕಾಗದವನ್ನು ಮನೆಗೆ ತನ್ನಿ. 'ಇಲ್ಲೇ ಸಹಿ ಮಾಡಿ' ಅಂದರೆ 'ನಾಳೆ ತರ್ತೀನಿ ಸಾರ್' ಅನ್ನಿ.

ಮನೆಯಲ್ಲಿ ಹುಡುಕಬೇಕಾದ್ದು ಇಷ್ಟು. ಎಷ್ಟು ವರ್ಷಕ್ಕೆ? 'ಶಾಶ್ವತವಾಗಿ' ಅಂತಿದ್ದರೆ ಹತ್ತಕ್ಕೆ ಇಳಿಸಲು ಕೇಳಿ. ಈ ಒಂದು ಹಾಡಿಗೋ, ಮುಂದಿನ ಎಲ್ಲ ಹಾಡಿಗೋ? ಮಾಸ್ಟರ್ ಕೊಡುತ್ತಿದ್ದೀರೋ, ಟ್ಯೂನನ್ನೂ ಕೊಡುತ್ತಿದ್ದೀರೋ? ಪಾಲು ಕೊಡುವುದು ಒಟ್ಟು ಹಣದಲ್ಲೋ, ಖರ್ಚು ಕಳೆದ ಮೇಲೋ? ಖರ್ಚು ಕಳೆದ ಮೇಲೆ ಅಂದರೆ ಆ ಖರ್ಚಿಗೆ ಮಿತಿ ಇದೆಯಾ? ಲೆಕ್ಕ ಯಾವಾಗ ಕೊಡುತ್ತಾರೆ? ಹೆಸರು ಎಲ್ಲಿ ಹಾಕುತ್ತಾರೆ?

ಕಾಯ್ದೆಯ 19ನೇ ಕಲಮು ನಿಮ್ಮ ಪರವಾಗಿದೆ. ಹಕ್ಕು ವರ್ಗಾವಣೆ ಬರವಣಿಗೆಯಲ್ಲೇ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಅವಧಿ ಬರೆದಿಲ್ಲದಿದ್ದರೆ 5 ವರ್ಷ ಅಂತ ಅರ್ಥ. ಜಾಗ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಥರ ಬರೆದಿಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೂ ವರ್ಗಾವಣೆ ಬಿದ್ದುಹೋಗುತ್ತದೆ.

ಇದನ್ನು ಓದಿದ ದಿನ ನಾನು ಟ್ರಂಕಿನಿಂದ 2014ರ ಛಾಪಾ ಕಾಗದ ತೆಗೆದೆ. 'ಎಂಟು ಟ್ಯೂನ್‌ಗಳನ್ನು ಕೊಟ್ಟಿರುತ್ತೇನೆ' ಅಂತ ಎರಡು ಸಾಲು, ಕೆಳಗೆ ನನ್ನ ಸಹಿ. ಅವಧಿಯ ಮಾತೇ ಇಲ್ಲ. ವಕೀಲರಿಗೆ ತೋರಿಸಿದೆ, ಅವರು ನೋಟಿಸ್ ಕಳಿಸಿದರು. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಎಂಟು ಟ್ಯೂನ್‌ಗಳನ್ನೂ ಒಂದೊಂದಾಗಿ ಐಪಿಆರ್‌ಎಸ್‌ನಲ್ಲಿ ನನ್ನ ಹೆಸರಿಗೆ ನೋಂದಾಯಿಸಲು ಕೂತೆ. ಎರಡರ ಚರಣ ನನಗೇ ಮರೆತುಹೋಗಿತ್ತು. ಅದೇ ಯೂಟ್ಯೂಬ್ ಚಾನೆಲ್‌ಗೆ ಹೋಗಿ, ಜಾಹೀರಾತು ನೋಡಿ, ನನ್ನ ಹಾಡು ಕೇಳಿ ಸ್ವರ ಬರೆದುಕೊಂಡೆ.